ಮಾತಾಡದ ಮುಂಜಾನೆ

ಅಂಗಡಿಗಳಿಗೆ ಬೋರ್ಡು ಬರೆದುಕೊಡುವ ನಮ್ಮ ಪೇಂಟರ್ ಮಹಾಶಯನಿಗೆ ಆಗಬಾರದ ಫಜೀತಿ ಆಗಿತ್ತು. ಕಲಾಸಂಘದವರು ತಿಂಗಳ ಕೊನೆಯ ಪ್ರದರ್ಶನಕ್ಕೆ ಒಂದು ಚಿತ್ರ ಕೊಡಿ ಎಂದಿದ್ದರು. ಈತ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಿದ್ದ. 'ಇಲ್ಲಿ ವಾಹನ ನಿಲ್ಲಿಸಬೇಡಿ' ಎಂದು ಬರೆದು ಬರೆದೇ ಕೂದಲು ನರೆತ ಮನುಷ್ಯ. ಅಕ್ಷರ ಬಿಟ್ಟು ಒಂದು ಗಿಡ ಕೂಡ ಬಿಡಿಸಿದವನಲ್ಲ. ಚಿತ್ರ ಕೊಡದಿದ್ದರೆ ಮಾನ ಹೋಗುತ್ತದೆ (ಕೊಟ್ಟರೂ ಹೋಗಬಹುದು, ಆ ಮಾತು ಬೇರೆ). ಆತನಿಗೆ ಊಟ ರುಚಿಸುತ್ತಿರಲಿಲ್ಲ.

ದಾರಿ ತೋರಿಸಿದವನು ಕ್ಷೌರಿಕ. ಬೆಳಿಗ್ಗೆ ಎದ್ದ ಕೂಡಲೇ ಯಾರೊಂದಿಗೂ ಮಾತಾಡದೆ ಕಿಟಕಿಯ ಮುಂದೆ ಕೂತರೆ ಒಳಗಿರುವುದೆಲ್ಲ ತಾನಾಗಿ ಹೊರಗೆ ಬರುತ್ತದಂತೆ. ಆದರೆ ಕಾಫಿ ಕುಡಿಯುವತನಕ ತುಟಿ ಪಿಟಕ್ಕೆನ್ನಬಾರದು. ಒಂದು ದಿನ ತಪ್ಪಿದರೂ ಮಾಡಿದ್ದೆಲ್ಲ ನೀರುಪಾಲು. ಕುತ್ತಿಗೆಯ ಮೇಲೆ ಕತ್ತಿ ಹಿಡಿದವನ ಮಾತನ್ನು ಯಾರು ತಾನೇ ಅಲ್ಲಗಳೆಯುತ್ತಾರೆ?

ಮರುದಿನವೇ ಸಣ್ಣ ಕೋಣೆಯ ಕಿಟಕಿಯ ಮುಂದೆ ಮೌನವ್ರತ ಆರಂಭವಾಯಿತು. ಒಳಗಿನಿಂದ ಏನೂ ಹೊರಗೆ ಬರಲಿಲ್ಲ. ಹೊರಗಿನಿಂದ ಹೆಂಡತಿ ಒಳಗೆ ಬಂದಳು.

ಮನೆಯಲ್ಲೇ ಬಟ್ಟೆ ಹೊಲಿಯುವ ಈಕೆಗೆ ಮದುವೆಯಾದಾಗಿನಿಂದ ಯಾವ ಪ್ರಶ್ನೆಗೂ 'ನೋಡೋಣ' ಎಂಬುದರ ಹೊರತು ಬೇರೆ ಉತ್ತರ ಸಿಕ್ಕಿರಲಿಲ್ಲ. ಈಗ ಗಂಡ ಅದನ್ನೂ ಹೇಳಲಾರ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

"ಪಕ್ಕದ ಮನೆ ಅಜ್ಜಿ ಗೇಟಿಗೆ ಬಣ್ಣ ಹೊಡೆದುಕೊಡ್ಬೇಕಂತೆ. ಒಪ್ಕೊಳ್ತೀನಿ. ಬೇಡ ಅಂದ್ರೆ ಈಗಲೇ ಹೇಳ್ಬಿಡಿ."

ಆತ ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿದ. "ಪಾಪ, ಎಷ್ಟು ಮೈಮರೆತು ಕೂತಿದ್ದಾರೆ" ಎನ್ನುತ್ತ ಆಕೆ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡಳು.

ಹೀಗೆ ಒಂದೊಂದು ಬೆಳಿಗ್ಗೆ ಒಂದೊಂದು ತೀರ್ಮಾನ ಅಂಗೀಕಾರವಾಯಿತು. ಕಾಫಿ ಕುಡಿದು ಆತ ಬಾಯಿ ತೆರೆಯುವಷ್ಟರಲ್ಲಿ ಒಪ್ಪಿದ ಮಾತು ಊರಿಗೆಲ್ಲ ಮುಟ್ಟಿರುತ್ತಿತ್ತು. ಗೇಟಿಗೆ ಬಣ್ಣ ಬಿತ್ತು. ಆತನ ಹಳೇ ಆರಾಮಕುರ್ಚಿ ಗುಜರಿಗೆ ಹೋಯಿತು. ಭಾವಮೈದುನ ವಾರಗಟ್ಟಲೆ ಇರಲು ಬಂದ. ಕ್ಯಾನ್ವಾಸು ಮಾತ್ರ ಬಿಳಿಯಾಗಿಯೇ ಉಳಿಯಿತು. ಬಾಯಿ ಬಿಟ್ಟರೆ ಚಿತ್ರ ಹೋಗುತ್ತದೆ, ಬಿಡದಿದ್ದರೆ ಮನೆ ಹೋಗುತ್ತದೆ. ಕಿಟಕಿಯ ಮುಂದೆ ಕೂತವನು ಪ್ರತಿ ಹೆಜ್ಜೆ ಸಪ್ಪಳಕ್ಕೂ ಬಾಗಿಲ ಕಡೆ ತಿರುಗುತ್ತಿದ್ದ. ಇನ್ನು ಈ ಕೋಣೆಯೊಂದೇ ಬಾಕಿ ಎಂದು ಆತನಿಗೆ ಖಾತ್ರಿಯಾಯಿತು. ಹೊಲಿಗೆ ಮಿಷನ್ನು ಆಗಲೇ ಹೊಸ್ತಿಲವರೆಗೆ ಬಂದು ನಿಂತಿತ್ತಲ್ಲ! ಚಿತ್ರ ಹಾಳಾಗಿಹೋಗಲಿ, ಕೋಣೆ ಮಾತ್ರ ಬಿಡಕೂಡದೆಂದು ಆತ ಹಲ್ಲು ಕಚ್ಚಿ ಕಾದು ಕುಳಿತ.

ಬಾಗಿಲು ಕಿರ್ರೆಂದಿತು. "ಈ ಕೋಣೆ ಇದೆಯಲ್ಲ," ಎಂದಳು ಹೆಂಡತಿ.

"ಬೇಡ," ಎಂದು ಆತ ಎದ್ದೇ ನಿಂತ. "ನೀನೇನು ಅಂದ್ಕೊಂಡಿದ್ದೀಯೋ ಅದು ಆಗಕೂಡದು. ಇದೇ ನನ್ನ ಕೊನೇ ಮಾತು."

ಹೆಂಡತಿ ಹೊಸ್ತಿಲಲ್ಲಿದ್ದ ಮಿಷನ್ನಿನ ಮೇಲೆ ಕೈಯಿಟ್ಟಳು.

"ನಿಮ್ಮ ಚಿತ್ರ ಮುಗಿಯೋವರೆಗೂ ಇದನ್ನ ನಿಮಗೇ ಬಿಟ್ಟು, ನನ್ನ ತಮ್ಮನ್ನ ವಾಪಸ್ ಕಳಿಸಿ, ನಾನು ನಡುಮನೇಲೇ ಹೊಲ್ಕೊಳ್ಳೋಣ ಅಂತಿದ್ದೆ. ನಿಮ್ಮನ್ನ ನೋಡಿ ಕರುಳು ಚುರ್ರ್ ಅಂದಿತ್ತು. ಹೋಗ್ಲಿ, ಇಷ್ಟು ದಿನಕ್ಕೆ ಒಂದು ಸಲ ಬಾಯಿಬಿಟ್ಟು ಬೇಡ ಅಂದಿದ್ದೀರಿ. ನಿಮ್ಮ ಮಾತು ಮೀರೋಕಾಗುತ್ತಾ?"

ಸಂಜೆಯೊಳಗೆ ಮಿಷನ್ನು ಕಿಟಕಿಯ ಮುಂದೆ ಕೂತಿತು, ಅದರ ಪಕ್ಕದಲ್ಲಿ ಭಾವಮೈದುನನ ಹಾಸಿಗೆ.

ಮರುದಿನ ಬೆಳಿಗ್ಗೆ ಪೇಂಟರ್ ಮತ್ತೆ ಮೊದಲಿನಿಂದ ಶುರುಮಾಡಿದ, ಮನೆಯ ಹೊರಗಿನ ಮೆಟ್ಟಿಲ ಮೇಲೆ. ಒಳಗೊಳಗೇ ಏನೋ ಒಂದು ಮರದ ಹಾಗೆ ಮೂಡತೊಡಗಿತ್ತು ಕೂಡ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಹೊಳೆಯುವ ಗೇಟು ತೆರೆದುಕೊಂಡು ಬಂದು ಎದುರಿಗೆ ನಿಂತರು.

"ಗೇಟು ಬಹಳ ಚೆನ್ನಾಗಾಯ್ತಪ್ಪ. ಕಾಂಪೌಂಡು ಗೋಡೆಗೂ ನೀನೇ ಹೊಡೆದುಬಿಡು. ಬೇಡ ಅಂದ್ರೆ ಈಗಲೇ ಹೇಳ್ಬಿಡು, ಹಾಗೆ ಕೇಳ್ಬೇಕು ಅಂತ ನಿನ್ನ ಹೆಂಡ್ತಿ ಹೇಳಿಕೊಟ್ಟಿದ್ದಾಳೆ."