ಪದ್ಯಕ್ಕೆ ಎತ್ತು, ಅರ್ಥಕ್ಕೆ ಇಳಿಸು

ಎಲ್ಲಕ್ಕೂ ಕಾರಣ ಮಗಳು ನಿಶ್ಮಿತಾ ಕೊಡಿಸಿದ ಹೊಸ ಇಯರ್‌ಫೋನು. ಹಳೆಯದರ ಒಂದು ಕಿವಿ ಸತ್ತಿತ್ತು. ಆ ಸತ್ತ ಕಿವಿಯಿಂದಲೇ ದಯಾನಂದನಿಗೆ ಹೊರಗಿನ ಲೋಕ ಕೇಳಿಸುತ್ತಿತ್ತು. ಹೊಸದು ಎಷ್ಟು ಒಳ್ಳೆಯದೆಂದರೆ, ಅದನ್ನು ಸಿಕ್ಕಿಸಿಕೊಂಡರೆ ತಾನಿರುವ ಕೋಪರಿಯ ಹೌಸಿಂಗ್ ಸೊಸೈಟಿಯ ಪಕ್ಕದಲ್ಲೇ ಓಡುವ ಲೋಕಲ್ ಟ್ರೇನೂ ಕೇಳಿಸದು, ತನ್ನ ಸ್ವರವೂ ತನಗೆ ಕೇಳಿಸದು.

ಮಹಾಪೆಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್ ಆಗಿರುವ ದಯಾನಂದ, ಡಾಕ್ಟರು ಸಕ್ಕರೆ ಕಾಯಿಲೆಯ ಹೆಸರೆತ್ತಿ ಹೆದರಿಸಿದ ಮೇಲೆ ಸೊಸೈಟಿಯ ಜಿಮ್ಮಿಗೆ ಸೇರಿದವನು. ಅಲ್ಲಿ ಹುಡುಗರು ಪಂಜಾಬಿ ಹಾಡಿಗೆ ಡಂಬೆಲ್ ಎತ್ತುತ್ತಾರೆ. ದಯಾನಂದನಿಗೆ ಅದಕ್ಕೆ ಕೈ ಏಳುವುದಿಲ್ಲ. ಊರಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಹಳೆಯ ತಾಳಮದ್ದಳೆಯೊಂದು ಅವನ ಜಿಮ್ಮಿನ ಸಂಗೀತ. ಕರಕರ ಎನ್ನುವ ಕ್ಯಾಸೆಟ್ಟಿನ ನಕಲು; ಯಾರದು, ಯಾವ ಊರಿನದು ಎಂದು ಬರೆದಿಲ್ಲ. ಸಂಧಾನಕ್ಕೆ ಬಂದ ದೂತನಿಗೂ ಹಠಮಾರಿ ಅರಸನಿಗೂ ನಡೆಯುವ ವಾದ. ಭಾಗವತರ ಪದ್ಯ ಏರಿ, ಮದ್ದಳೆಗೆ ಚೆಂಡೆ ಕೂಡಿಕೊಂಡಾಗ ಎತ್ತುವುದು; ಪದ್ಯ ಮುಗಿದು ಅರಸ ಅದನ್ನು ಮಾತಿನಲ್ಲಿ ಬೆಳೆಸಿ ಅರ್ಥ ಹೇಳತೊಡಗಿದಾಗ ಇಳಿಸಿ ಉಸಿರು ಬಿಡುವುದು. ಎರಡು ವರ್ಷದಿಂದ ಇದೇ ಅವನ ವ್ಯಾಯಾಮ.

ವೇಷವಿಲ್ಲದೆ ಸಾಲಾಗಿ ಕುಳಿತು, ಮಾತಿನಲ್ಲೇ ಯುದ್ಧ ಮಾಡುವ ಆ ವೇದಿಕೆಯ ಮೇಲೆ ಒಮ್ಮೆ ಕೂರಬೇಕೆಂಬುದು ಅವನ ಬಹುದಿನದ ಆಸೆ. ಕನ್ನಡ ಸಂಘದ ವಾರ್ಷಿಕ ತಾಳಮದ್ದಳೆ ಕೂಟಕ್ಕೆ ಜಮಖಾನೆ ಹಾಸುವವನು ಅವನೇ, ಚಹಾ ಹಂಚುವವನೂ ಅವನೇ. ಒಮ್ಮೆ ಪಾಪವೆಂದು ಒಂದು ಸಣ್ಣ ಪಾತ್ರ ಕೊಟ್ಟಿದ್ದರು. ಎದುರಿಗಿದ್ದ ಮುಖಗಳನ್ನು ನೋಡಿದ್ದೇ ತಡ, ನಾಲಿಗೆ ಅಂಗುಳಿಗೆ ಅಂಟಿಕೊಂಡು, ಸಭೆಗೊಂದು ಕೈಮುಗಿದು ಇಳಿದು ಬಂದಿದ್ದ. ಆಮೇಲೆ ಅವರೂ ಕರೆಯಲಿಲ್ಲ, ಇವನೂ ಕೇಳಲಿಲ್ಲ. ಆದರೆ ಆಸೆಗೆ ಮರ್ಯಾದೆ ಎಂಬುದು ಇರುವುದಿಲ್ಲ ನೋಡಿ, ಅದು ಒಳಗೇ ಕೂತಿತ್ತು.

ಅಂದು ಭಾನುವಾರ, ಸಂಜೆ ಸೊಸೈಟಿಯ ಸಭಾಂಗಣದಲ್ಲೇ ಕೂಟ. ಬೆಳಿಗ್ಗೆ ದಯಾನಂದ ಹೊಸ ಇಯರ್‌ಫೋನು ಹಾಕಿಕೊಂಡು ಡಂಬೆಲ್ ಹಿಡಿದ. ಪದ್ಯ ಮುಗಿಯಿತು. ಜಿಮ್ಮಿನ ತರಬೇತುದಾರ ಯತಿನ್ ಹತ್ತಿರ ಬಂದು, "ಅಂಕಲ್, ಹೋ ಗಯಾ ಹೋ ತೋ ಯೇ ಡಂಬೆಲ್ ದೋ ನಾ" ಎಂದು, ಮುಗಿದಿದ್ದರೆ ಡಂಬೆಲ್ ಕೊಡಿ ಎನ್ನುವಂತೆ ಕೈ ಚಾಚಿದ.

ದಯಾನಂದ ಅವನ ಕಡೆ ತಿರುಗಿದ. ಕಣ್ಣು ಕೆಂಪಗಿತ್ತು. "ಕೊಡಲಾರೆ. ಬೇಡುವವನಿಗೆ ನಾಚಿಕೆಯಿಲ್ಲದಿದ್ದರೆ ಇಲ್ಲವೆನ್ನುವ ನನಗೇಕೆ ನಾಚಿಕೆ? ಬಂದ ದಾರಿ ನೆನಪಿದೆಯಷ್ಟೆ, ಹಿಂದಿರುಗು" ಎಂದು ಗುಡುಗಿದ. ಇಷ್ಟು ದಿನ ಕಿವಿಯೊಳಗಿನ ಅರಸನ ಜೊತೆಜೊತೆಗೆ ತುಟಿಯೊಳಗೇ ನಡೆಯುತ್ತಿದ್ದ ವ್ಯವಹಾರ ಇಂದು ಹೊರಗೆ ಬಿದ್ದದ್ದು ಅವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ಯತಿನ್ ಎರಡು ಹೆಜ್ಜೆ ಹಿಂದೆ ಸರಿದ. "ಅಂಕಲ್, ದಸ್ ಕಿಲೋ ಹೀ ತೋ ಮಾಂಗಾ." ಕೇಳಿದ್ದು ಬರೀ ಹತ್ತು ಕಿಲೋ ಎಂಬುದು ಅವನ ಅಳಲು.

ಅರಸನ ಸಿಟ್ಟು ಏರುತ್ತಲೇ ಹೋಯಿತು. ಪಕ್ಕದ ಕೋಣೆಯ ಯೋಗದ ಹೆಂಗಸರು ಚಾಪೆ ಬಿಟ್ಟು ಓಡಿಬಂದರು. ಅವರಲ್ಲಿ ಪದ್ಮಾವತಿಯಕ್ಕನಿಗೆ ಎಲ್ಲದಕ್ಕೂ ಮದ್ದು ಗೊತ್ತು. "ಫಿಟ್ಸ್ ಇರ್ಬೇಕು ಮಾರಾಯ್ರೆ. ಬೇಗ ಕೈಗೆ ಎಂತಾದ್ರೂ ಕಬ್ಬಿಣ ಕೊಡಿ" ಎಂದರು. ಆಗಲೇ ಎರಡೂ ಕೈಯಲ್ಲಿ ಹತ್ತು ಹತ್ತು ಕಿಲೋ ಕಬ್ಬಿಣ ಇತ್ತು. ಇನ್ನೆಷ್ಟು ಕೊಡುವುದೆಂದು ಯಾರಿಗೂ ತೋಚಲಿಲ್ಲ. ಕೊನೆಗೆ, ನಿಮ್ಮ ಸಂಘದವರು, ನೀವೇ ಬಂದು ನೋಡಿ ಎಂದು ವಾಚ್‌ಮನ್ ಹೋಗಿ ಎರಡನೆಯ ಮಾಳಿಗೆಯಿಂದ ಸಂಘದ ಕಾರ್ಯದರ್ಶಿ ಶಂಭು ಅಣ್ಣನನ್ನು ಕರೆತಂದ.

ಶಂಭು ಅಣ್ಣ ಬೆಳಗಿನಿಂದ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಸಂಜೆಯದೂ ಇದೇ ಸಂಧಾನದ ಪ್ರಸಂಗ; ಅರಸನಾಗಬೇಕಿದ್ದ ಡೊಂಬಿವಲಿಯ ಅರ್ಥಧಾರಿಯ ಗಂಟಲು ಕಟ್ಟಿಹೋಗಿತ್ತು. ಬಾಗಿಲಲ್ಲಿ ನಿಂತು ಅವರು ದಯಾನಂದನ ಮಾತು ಪೂರ್ತಿ ಕೇಳಿದರು. ಮುಗಿದ ಮೇಲೆ ಮೆಲ್ಲನೆ ಅವನ ಕಿವಿಯಿಂದ ಇಯರ್‌ಫೋನು ತೆಗೆದರು.

"ಸಂಜೆ ಅರಸ ನೀನೇ."

ಸುತ್ತ ನೆರೆದ ಜನರನ್ನು ಕಂಡು ದಯಾನಂದ ಬೆವರಿದ. "ನನ್ನಿಂದ ಆಗ್ಲಿಕ್ಕಿಲ್ಲ ಶಂಭಣ್ಣ. ನಿಮಗೆ ಗೊತ್ತುಂಟಲ್ಲ."

"ಇಷ್ಟೊತ್ತು ಆದದ್ದು ಯಾರಿಂದ ಹಾಗಾದ್ರೆ? ಸುಮ್ಮನೆ ಬಾ."

ಸಂಜೆ ಸಭಾಂಗಣ ತುಂಬಿತ್ತು. ಎದುರು ದೂತನಾಗಿ ಕುಳಿತವರು ಊರಿನಿಂದ ಬಂದ ಹಿರಿಯ ಅರ್ಥಧಾರಿ ಪುಂಡರೀಕಾಕ್ಷರು. ಎಂಬತ್ತು ದಾಟಿದ ದೇಹ, ತೆಳುವಾದ ದನಿ. ಮುಂದಿನ ಸಾಲಿನಲ್ಲಿ ಹೆಂಡತಿ ಲೋಲಾಕ್ಷಿ ಗಂಡನ ಮುಖ ನೋಡಲಾರದೆ ಫ್ಯಾನು ನೋಡುತ್ತಿದ್ದಳು. ದಯಾನಂದನ ನಾಲಿಗೆ ಹಿಂದಿನಂತೆಯೇ ಮೇಲಕ್ಕೆ ಅಂಟಿತು. ಇನ್ನೇನು ಕೈಮುಗಿದು ಏಳಬೇಕು, ಅಷ್ಟರಲ್ಲಿ ಭಾಗವತರು ಪದ್ಯ ಎತ್ತಿದರು, ಚೆಂಡೆ ಬಿತ್ತು. ಅವನ ಭುಜ ತಾನಾಗಿ ಬಿಗಿಯಿತು. ಪದ್ಯ ಮುಗಿದಾಗ ಭುಜ ಇಳಿಯಿತು, ಉಸಿರಿನ ಜೊತೆಗೇ ಮಾತು ಹೊರಟಿತು.

ಅದು ನಿಲ್ಲಲಿಲ್ಲ. ಜನ ಮೊಬೈಲು ಕೆಳಗಿಟ್ಟರು. ಲೋಲಾಕ್ಷಿ ಫ್ಯಾನು ಬಿಟ್ಟು ಗಂಡನನ್ನು ನೋಡಿದಳು. ನಡುವೆ ಒಂದು ಕಡೆ ದಯಾನಂದ ಗಟ್ಟಿಯಾಗಿ ಕೆಮ್ಮಿ, ತುಸು ತಡೆದು ಮುಂದುವರಿದ; ಅದೂ ಅರಸನ ಗತ್ತಿನಂತೆಯೇ ಕಂಡಿತು. ಆ ಕೆಮ್ಮಿಗೆ ಪುಂಡರೀಕಾಕ್ಷರು ಥಟ್ಟನೆ ತಲೆಯೆತ್ತಿದರು. ಕೊನೆಯ ವಾದ ಮುಗಿದಾಗ ಅವರು, "ಅರಸಾ, ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ" ಎಂದರು. ಚಪ್ಪಾಳೆಗೆ ಸಭಾಂಗಣ ನಡುಗಿತು. ದಯಾನಂದನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಈ ಮಾತು ಎಂದು ಅವನಿಗೇ ಬೆರಗು.

ಕೂಟ ಮುಗಿದ ಮೇಲೆ ಪುಂಡರೀಕಾಕ್ಷರು ಅವನನ್ನು ಒಳಕೋಣೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಆ ನಡುವೆ ಕೆಮ್ಮಿದಿರಲ್ಲ, ಶೀತವಾ?"

"ಇಲ್ಲ ಸ್ವಾಮಿ. ಅಲ್ಲಿ... ಕೆಮ್ಮು ಬರ್ತದೆ."

"ಹೌದು, ಬರ್ತದೆ. ಆ ರಾತ್ರಿ ನನಗೆ ಜ್ವರ ಇತ್ತು."

ಆ ಹಳೆಯ ಕ್ಯಾಸೆಟ್ಟಿನ ಅರಸ ಇವರೇ ಎಂದು ದಯಾನಂದನಿಗೆ ಆಗ ಹೊಳೆಯಿತು. ತನ್ನದೆಂದುಕೊಂಡ ಒಂದು ಮಾತೂ ತನ್ನದಲ್ಲ. ಅದರ ಒಡೆಯನ ಮುಂದೆಯೇ ಕೂತು, ಅವರದೇ ಮಾತಿನಿಂದ ಅವರನ್ನು ಸೋಲಿಸಿ ಚಪ್ಪಾಳೆ ತಟ್ಟಿಸಿಕೊಂಡಿದ್ದ. ಕಾಲಿಗೆ ಬೀಳಲು ಬಗ್ಗಿದ. ಮುದುಕರು ತಡೆದು ಅವನ ಕೈ ಹಿಡಿದುಕೊಂಡರು.

"ಬೇಜಾರು ಮಾಡ್ಬೇಡಿ. ಅಷ್ಟು ಚಂದ ಮಾತಾಡ್ತಿದ್ದೆ ಅಂತ ನನಗೇ ಮರ್ತು ಹೋಗಿತ್ತು. ಈಗೀಗ ಒಂದೂ ನೆನಪಿಗೆ ಬರುದಿಲ್ಲ" ಎಂದರು. "ನಾಳೆ ಮಾಜಿವಾಡಾದಲ್ಲಿ ಕೂಟ ಉಂಟು. ನಾನೇ ಅರಸ ಆಗ್ಬೇಕಂತೆ, ಬಿಡ್ಲೇ ಇಲ್ಲ. ನೀವೂ ವೇದಿಕೆಗೆ ಬರ್ಬೇಕು."

ದಯಾನಂದನ ಎದೆ ಹಿಗ್ಗಿತು. "ದೂತನ ಪಾತ್ರಕ್ಕಾ ಸ್ವಾಮಿ?"

"ಅಲ್ಲ, ನನ್ನ ಬೆನ್ನ ಹಿಂದೆ ಕೂತ್ಕೊಳ್ಳಿ, ಯಾರಿಗೂ ಕಾಣದ ಹಾಗೆ. ಮರ್ತಲ್ಲಿ ಮೆಲ್ಲ ಹೇಳಿಕೊಟ್ರೆ ಸಾಕು" ಎಂದು ಪುಂಡರೀಕಾಕ್ಷರು ಅವನ ಬೆನ್ನು ತಟ್ಟಿದರು. "ಕೆಮ್ಮು ಮಾತ್ರ ಹೇಳಿಕೊಡ್ಬೇಡಿ. ಅದು ಈಗ ನನ್ನ ಹತ್ರವೇ ಬೇಕಾದಷ್ಟುಂಟು."