ಬೀದಿಗೆ ಬಿದ್ದ ಬೆಳಕು

ಬೆಳಿಗ್ಗೆ ಎದ್ದು ಸ್ವಿಚ್ ಒತ್ತಿದ್ದೇ ತಪ್ಪಾಯಿತು. ಹಜಾರದ ಹಳೆಯ ದೀಪ ಗಾಜಿನ ಬುರುಡೆ ಸಮೇತ ಕಳಚಿ ಗುಮಾಸ್ತನ ಕಾಲ ಬಳಿ ಬಿದ್ದು ಪುಡಿಪುಡಿಯಾಯಿತು. ಸದ್ದು ಕೇಳಿ ಮೊದಲು ಬಂದದ್ದು ಹೆಂಡತಿಯಲ್ಲ, ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು. ಅವರ ಬೆನ್ನಿಗೇ ಎದುರುಮನೆಯ ಟೈಲರ್.

ಗುಮಾಸ್ತನ ಲೆಕ್ಕ ಸರಳವಾಗಿತ್ತು. ಒಂದು ಟ್ಯೂಬ್‌ಲೈಟು, ಅಷ್ಟೇ. ಕೂಡಿಟ್ಟ ದುಡ್ಡೆಲ್ಲ ಆರಾಮ ಕುರ್ಚಿಗೆ ಮೀಸಲು. ನಗರಸಭೆಯ ಬೀದಿದೀಪದ ವಿಭಾಗದಲ್ಲಿ ಮುರುಕು ಕುರ್ಚಿಯ ಮೇಲೆ ಕೂತು ಕೂತು ಅವನ ಬೆನ್ನು ಹಿಡಿದುಹೋಗಿತ್ತು. ಸಂಜೆ ಒಂದು ಗಂಟೆ ಒರಗಿ ಪೇಪರ್ ಓದಬೇಕು, ಅದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ. ಇದರಲ್ಲಿ ಊರವರದೇನು ಗಂಟು ಹೋಗುತ್ತಿತ್ತು, ನೀವೇ ಹೇಳಿ.

ಹೋಗುತ್ತಿತ್ತು, ನೋಡಿ. ಹಜಾರದ ದೀಪವೆಂದರೆ ಮನೆಯ ಮುಖವಿದ್ದಂತೆ, ಅದರಲ್ಲಿ ಜಿಪುಣತನ ಮಾಡಬಾರದು ಎಂದು ಮೇಷ್ಟ್ರು ಪಾಠ ಶುರುಮಾಡಿದರು. ಟೈಲರ್ ಅಳತೆ ಟೇಪು ತೆಗೆದು ಕಿಟಕಿಯನ್ನೇ ಅಳೆದ. ಇಲ್ಲಿ ಎರಡು, ಬಾಲ್ಕನಿಗೆ ಎರಡು ಹಾಕಿಸಿದರೆ ಗಾಳಿಬೆಳಕು ಚೆನ್ನ ಎಂದ. ದೀಪದಿಂದ ಗಾಳಿ ಹೇಗೆ ಬರುತ್ತದೆ ಎಂದು ಕೇಳುವಷ್ಟು ವ್ಯವಧಾನ ಗುಮಾಸ್ತನಿಗಿರಲಿಲ್ಲ.

ಈ ಬೀದಿಯ ಕಂಬದ ದೀಪ ಸತ್ತು ತಿಂಗಳುಗಳಾಗಿದ್ದವು. ಇವರಿಬ್ಬರೂ ಹತ್ತಾರು ಸಲ ಕೇಳಿದಾಗ, ಸರದಿ ಬರಲಿ, ನಾನು ಆ ಆಫೀಸಿನಲ್ಲಿದ್ದೇನೆಂದು ನಮ್ಮ ಬೀದಿಯನ್ನು ಮುಂದಕ್ಕೆ ಹಾಕಲಾರೆ ಎಂದು ಅವನು ಮುಖಕ್ಕೆ ಹೊಡೆದಂತೆ ಹೇಳಿದ್ದ. ಪ್ರಾಮಾಣಿಕ ಮನುಷ್ಯ. ಆ ಕೋಪವನ್ನೂ ಮರೆತು ಸಹಾಯಕ್ಕೆ ಬಂದಿದ್ದಾರಲ್ಲ ಎಂದುಕೊಂಡು, ರಜೆ ಹಾಕಿ ಅವರನ್ನೇ ಕರೆದುಕೊಂಡು ಅಂಗಡಿಗೆ ಹೋದ.

ಅಂಗಡಿಯಲ್ಲಿ ಟ್ಯೂಬ್‌ಲೈಟನ್ನು ಕೈಗೆತ್ತಿಕೊಂಡಿದ್ದಷ್ಟೇ. ಮೇಷ್ಟ್ರು ಅಂಗಡಿಯವನ ಕಿವಿಯಲ್ಲಿ, ಆದರೆ ಇಡೀ ಅಂಗಡಿಗೆ ಕೇಳುವಂತೆ ಹೇಳಿದರು:

"ಅವ್ರನ್ನ ಬಲವಂತ ಮಾಡ್ಬೇಡಪ್ಪ. ಪಾಪ, ಕೈಲಾಗೋದಿಲ್ಲ."

ಗುಮಾಸ್ತನ ಮೈಯೆಲ್ಲ ಉರಿದುಹೋಯಿತು. ಕೈಲಾಗೋದಿಲ್ಲವಂತೆ! ಮಾನ ಹೋಗುವುದಕ್ಕಿಂತ ಬೆನ್ನು ಹೋಗಲಿ ಎಂದುಕೊಂಡು, ಚಾವಣಿಯಲ್ಲಿ ಬಾಳೆಗೊನೆಯಂತೆ ಜೋತಾಡುತ್ತಿದ್ದ ಹದಿನಾರು ಬಲ್ಬುಗಳ ಗೊಂಚಲು ದೀಪವನ್ನು ಇಳಿಸಲು ಹೇಳಿದ. ಬಾಲ್ಕನಿಗೆ ಎರಡು ಭಾರೀ ದೀಪಗಳನ್ನೂ ಸೇರಿಸಿದ. ಆರಾಮ ಕುರ್ಚಿ ಅಲ್ಲಿಗೇ ಮುಗಿಯಿತು.

ಮುಸ್ಸಂಜೆಗೆ ಎಲೆಕ್ಟ್ರಿಷಿಯನ್ ಎಲ್ಲವನ್ನೂ ಹೊತ್ತಿಸಿದಾಗ ಹೆಂಡತಿ ಕಣ್ಣು ಮುಚ್ಚಿಕೊಂಡು ಅಡುಗೆಮನೆ ಸೇರಿದಳು. ಗುಮಾಸ್ತ ಪೇಪರ್ ಬಿಡಿಸಿದ, ಅಕ್ಷರಗಳೆಲ್ಲ ಕುಣಿದವು. ಪರದೆ ಎಳೆಯೋಣವೆಂದು ಕಿಟಕಿಗೆ ಹೋದ.

"ಪರದೆ ಎಳೀಬೇಡಿ ಅಣ್ಣ, ಸೂಜಿಗೆ ದಾರ ಪೋಣಿಸ್ತಿದೀನಿ," ಎಂದು ಕೆಳಗಿನಿಂದ ದನಿ ಬಂತು.

ಬಗ್ಗಿ ನೋಡಿದರೆ, ಟೈಲರ್ ಹೊಲಿಗೆ ಯಂತ್ರವನ್ನು ಬೀದಿಗೇ ತಂದಿಟ್ಟಿದ್ದ. ಪಕ್ಕದಲ್ಲಿ ಮೇಷ್ಟ್ರು ಕಾಲು ಚಾಚಿ, ಒರಗಿಕೊಂಡು ಪೇಪರ್ ಓದುತ್ತಿದ್ದರು. ಆರಾಮ ಕುರ್ಚಿಯಲ್ಲಿ! ಬೆಳಿಗ್ಗೆಯಿಂದ ಇವರಿಗಿದ್ದ ಕಾಳಜಿ ಎಂಥದೆಂದು ಗುಮಾಸ್ತನಿಗೆ ಆಗ ಅರ್ಥವಾಯಿತು.

ಅಷ್ಟರಲ್ಲಿ ನಗರಸಭೆಯ ಲೈನ್‌ಮನ್ ಏಣಿ ಹೊತ್ತು ಸೈಕಲ್ಲಿನಲ್ಲಿ ಬಂದು, ಕಂಬವನ್ನೂ ಬಾಲ್ಕನಿಯನ್ನೂ ನೋಡಿ ಸೈಕಲ್ ತಿರುಗಿಸಿದ.

"ಎಲ್ಲಿಗಯ್ಯಾ?" ಎಂದ ಗುಮಾಸ್ತ.

"ಇವತ್ತು ಈ ಬೀದಿ ಸರದಿ ಬಂದಿತ್ತು ಸಾರ್. ಆದ್ರೆ ಬೆಳಕಿರೋ ಬೀದಿಗೆ ದೀಪ ಹಾಕ್ಬಾರ್ದು ಅಂತ ನೀವೇ ಹೇಳ್ತಿರ್ತೀರಲ್ಲ."

"ಅದು ನನ್ನ ಮನೆ ದೀಪ ಕಣೋ."

"ಯಾರ ಮನೆದಾದ್ರೇನು ಸಾರ್, ಬೀದಿ ಕಾಣ್ತಿದೆ. ಇನ್ನು ನಿಮ್ಮ ಸರದಿ ಕೊನೇಲಿ."

ಸೈಕಲ್ ತಿರುವು ದಾಟಿತು. ಗುಮಾಸ್ತ ಹಲ್ಲು ಕಡಿಯುತ್ತಾ ಹೋಗಿ ಎಲ್ಲ ಸ್ವಿಚ್ಚುಗಳನ್ನೂ ಒಟ್ಟಿಗೇ ಆರಿಸಿದ. ಅರೆಗಳಿಗೆಯಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು, ಬಾಗಿಲು ಬಡಿದ ಸದ್ದು.

"ಬೀದಿದೀಪ ಹೋಗಿದೆ," ಎಂದರು ಮೇಷ್ಟ್ರು, ಕತ್ತಲಲ್ಲೇ. "ದೂರು ನಿಮ್ಮ ಹತ್ರಾನೇ ಅಲ್ವಾ ಕೊಡ್ಬೇಕಾದ್ದು?"

ಗುಮಾಸ್ತ ಮತ್ತೆ ಎಲ್ಲ ದೀಪ ಹಾಕಿದ. ನೋಯುವ ಬೆನ್ನನ್ನು ಗೋಡೆಗೆ ಆನಿಸಿ ನೆಲದ ಮೇಲೆ ಕೂತ.