ಒಂದೊಂದೇ ತೆಗೆದು ನೋಡುವ ಭಾವ

ನಮ್ಮ ಭಾವನಿಗೆ ಕುರ್ಚಿ ಕೊಡುವುದು ದಂಡ. ಕೂರುವುದೇ ಇಲ್ಲ! ಕೂತರೂ ತುದಿಯಲ್ಲಿ, ಬಸ್ಸು ಬಂತೋ ಎಂದು ಇಣುಕುವವರ ಹಾಗೆ. ದುಬೈಯ ಸತ್ವಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಈ ಮಹಾಶಯರು ನನ್ನ ಅಕ್ಕನ ಗಂಡ. ಎಲ್ಲಾದರೂ ಏನಾದರೂ 'ಬೀಪ್' ಎಂದರೆ ಸಾಕು, ಇವರು ಎದ್ದು ಹೊರಟರೆಂದೇ ಲೆಕ್ಕ.

ಒಮ್ಮೆ ಅಲ್ ಮುರಕ್ಕಬಾತಿನ ಹೋಟೆಲೊಂದಕ್ಕೆ ಹೋಗಿದ್ದೆವು. ಬಿರಿಯಾನಿ ಬಂದು ಇನ್ನೂ ಹಬೆಯಾಡುತ್ತಿದೆ, ಗಲ್ಲಾಪೆಟ್ಟಿಗೆಯ ಕಡೆಯಿಂದ ಬೀಪ್ ಬೀಪ್ ಬೀಪ್! ಭಾವನ ಕಿವಿ ನೆಟ್ಟಗಾಯಿತು. "ರ‍್ಯಾಮ್ ಹೋಗಿದೆ ಮಾರಾಯ, ಕೇಳುದಿಲ್ವಾ ನಿಂಗೆ?" ಎಂದವರೇ ನಡೆದರು. ಬೇಡಬೇಡ ಅಂದರೂ ಬಿಡದೆ ಅಲ್ಲಿನ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಮೆಮೊರಿಯ ಪಟ್ಟಿ ಹೊರಗೆ ತೆಗೆದು, ಜೇಬಿನಲ್ಲಿ ಸದಾ ಇರುವ ರಬ್ಬರಿನಿಂದ ಅದರ ಹೊಂಬಣ್ಣದ ಹಲ್ಲುಗಳನ್ನು ಉಜ್ಜಿ ಮತ್ತೆ ಸಿಕ್ಕಿಸಿದರು. ಬೀಪ್ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಕೂಗುತ್ತಿದ್ದದ್ದು ಬಾಗಿಲು ಸರಿಯಾಗಿ ಹಾಕದ ಐಸ್‌ಕ್ರೀಮ್ ಫ್ರೀಜರ್!

ಭಾವನ ಶಾಸ್ತ್ರ ಒಂದೇ: ಒಂದೊಂದೇ ತೆಗೆದು ನೋಡು. ಕಂಪ್ಯೂಟರ್ ಹ್ಯಾಂಗ್ ಆಗುತ್ತದೆಯೇ? ಒಂದು ರ‍್ಯಾಮ್ ತೆಗೆ, ಇನ್ನೊಂದರಲ್ಲಿ ಓಡಿಸು. ಆಮೇಲೆ ಅದಲು ಬದಲು. ಯಾವುದು ಇಲ್ಲದಾಗ ಎಲ್ಲ ಸರಿಯಿರುತ್ತದೋ ಅದೇ ಕಳ್ಳ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನೆಂಟರು ಸೇರಿದಾಗ ಒಮ್ಮೆ ಜಗಳ ಹತ್ತಿಕೊಂಡಿತು. "ಎಲ್ಲ ಹೊರಗೆ ಹೋಗಿ, ಒಬ್ಬೊಬ್ಬರೇ ಒಳಗೆ ಬನ್ನಿ, ಫಾಲ್ಟ್ ಯಾರದ್ದು ಅಂತ ನೋಡುವ" ಎಂದರು ಭಾವ! ಅಕ್ಕ ಮೊದಲು ಇವರನ್ನೇ ಬಾಲ್ಕನಿಗೆ ದಬ್ಬಿ ಬಾಗಿಲು ಹಾಕಿದಳು. ಜಗಳವಾಡುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. "ಫಾಲ್ಟ್ ಸಿಕ್ಕಿತು, ಖಲಾಸ್!" ಅಂದಳು ಅಕ್ಕ.

ಇಂಥವರ ಮನೆಯಲ್ಲಿ ಅಕ್ಕನ ಕಂಪ್ಯೂಟರೇ ಕೆಡಬೇಕೇ? ಪ್ರತಿ ಶನಿವಾರ ಬೆಳಿಗ್ಗೆ ಅವಳು ಇಲ್ಲಿಯ ನಮ್ಮವರ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತಾಳೆ. ಆ ಕ್ಲಾಸೆಂದರೆ ಅವಳಿಗೆ ಜೀವ. "ಒ" ಮುಗಿಸಿ "ಓ" ಎನ್ನಲು ಬಾಯಿ ತೆರೆಯುತ್ತಾಳೆ, ಪರದೆಯಲ್ಲಿ ತೆರೆದ ಬಾಯಿ ತೆರೆದೇ ನಿಲ್ಲುತ್ತದೆ! ಮಕ್ಕಳು "ಟೀಚರ್, ಯು ಆರ್ ಫ್ರೋಜನ್" ಎನ್ನುತ್ತ ಜಾರಿಕೊಳ್ಳುತ್ತಾರೆ. ಮುಂದಿನ ವಾರವೂ ಹೀಗಾದರೆ ಮಕ್ಕಳನ್ನು ಬಿಡಿಸುತ್ತೇವೆ ಎಂದು ತಾಯಂದಿರು ಹೇಳಿಬಿಟ್ಟರು. "ಅಷ್ಟೇ ತಾನೇ, ನಾಳೆಗೆ ಸರಿ" ಎಂದ ಭಾವ ಅದನ್ನು ಬಿಚ್ಚಿ ಊಟದ ಮೇಜಿನ ತುಂಬ ಹರಡಿದರು. ಅಷ್ಟರಲ್ಲಿ ಇನ್ನೆಲ್ಲೋ ಬೀಪ್ ಕೇಳಿತೆಂದು ಎದ್ದು ಹೋದರು. ಅಕ್ಕ ಬ್ಯಾಗು ತುಂಬಿಕೊಂಡು ಅಬುಧಾಬಿಗೆ, ಹಮ್ದಾನ್ ಸ್ಟ್ರೀಟಿನ ನನ್ನ ಫ್ಲ್ಯಾಟಿಗೆ ಬಂದಳು.

"ನಿನ್ನ ಭಾವನ ಹತ್ರ ಹೇಳು, ಅದು ಸರಿಯಾಗದೆ ನಾನು ಆ ಮನೆಗೆ ಹೋಗುದಿಲ್ಲ."

ಶುಕ್ರವಾರ ಭಾವನ ಫೋನು. ಮಾತಾಡುತ್ತ ಮನೆಯೆಲ್ಲ ಓಡಾಡುತ್ತಿದ್ದದ್ದು ನನಗೆ ಕೇಳುತ್ತಿತ್ತು.

"ವಿಚಿತ್ರ ಮಾರಾಯ! ಎರಡು ರ‍್ಯಾಮನ್ನೂ ಬೇರೆ ಬೇರೆ ಹಾಕಿದ್ರೆ ಚಂದ ಓಡ್ತದೆ. ಒಟ್ಟಿಗೆ ಹಾಕಿದ್ರೆ ಹ್ಯಾಂಗ್!"

"ನಿಮ್ಮಿಬ್ಬರ ಹಾಗೇ ಆಯ್ತಲ್ಲ ಭಾವ!" ಎಂದು ನಕ್ಕೆ.

ಹೆಜ್ಜೆಯ ಸದ್ದು ನಿಂತಿತು. ಆಮೇಲೆ ಮೆಲ್ಲಗೆ, "ಎರಡನೇದು ನಾನೇ ಹಾಕಿದ್ದು. ಅವಳ ಕ್ಲಾಸು ಫಾಸ್ಟ್ ಆಗ್ಲಿ ಅಂತ, ಅಂಗಡಿಯಲ್ಲಿ ಬಿದ್ದಿದ್ದ ಯಾವುದೋ ಒಂದು. ಒಂದಕ್ಕೊಂದು ಹೊಂದ್ತದಾ ಅಂತ ನೋಡ್ಲೇ ಇಲ್ಲ" ಎಂದರು.

ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಭಾವ! ದುಬೈಯಿಂದ ಬಸ್ಸಿನಲ್ಲಿ ಕಂಪ್ಯೂಟರಿನ ಡಬ್ಬವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರು. ಹಳೆಯ ಎರಡನ್ನೂ ತೆಗೆದು, ಒಂದೇ ಪ್ಯಾಕೆಟಿನ ಹೊಸ ಜೋಡಿ ಹಾಕಿದ್ದರು. ಅಕ್ಕ ಅದನ್ನು ನನ್ನ ಮಾನಿಟರಿಗೆ ಸಿಕ್ಕಿಸಿ ಕ್ಲಾಸು ಶುರುಮಾಡಿದಳು. "ಒ" ಆಯಿತು, "ಓ" ಆಯಿತು, "ಔ"ವರೆಗೂ ಎಲ್ಲೂ ತಡೆಯಲಿಲ್ಲ. ಭಾವ ಮೇಜಿನ ಕೆಳಗೆ ಡಬ್ಬಕ್ಕೆ ಕಿವಿಯಿಟ್ಟು ಕೂತಿದ್ದರು. ನಡುವೆ ನನ್ನ ಅಡುಗೆಮನೆಯ ಮೈಕ್ರೋವೇವ್ ಬೀಪ್ ಎಂದಿತು. ನೋಡುತ್ತೇನೆ, ಭಾವ ಏಳಲಿಲ್ಲ!

ಕ್ಲಾಸು ಮುಗಿದ ಮೇಲೆ ಅಕ್ಕ ಬಗ್ಗಿ ನೋಡಿದಳು. "ಇನ್ನೆಂತ ಕೂತದ್ದು? ಸರಿಯಾಯ್ತಲ್ಲ, ಏಳಿ."

"ಒಂದೊಂದೇ ತೆಗೆದು ನೋಡಿದೆ ಮಾರಾಯ್ತಿ," ಭಾವ ಅವಳ ಮುಖ ನೋಡದೆ ಹೇಳಿದರು, "ನಿನ್ನನ್ನು ತೆಗೆದ್ರೆ ಮನೆ ಸ್ಟಾರ್ಟೇ ಆಗುದಿಲ್ಲ."

ಅಕ್ಕ ಒಳಗೆ ಹೋಗಿ ತನ್ನ ಬ್ಯಾಗು ತಂದು ಅವರ ತೊಡೆಯ ಮೇಲಿಟ್ಟಳು.

"ಇದನ್ನು ನೀವು ಹಿಡ್ಕೊಳ್ಳಿ. ಕಂಪ್ಯೂಟರ್ ನಾನು ಹಿಡೀತೇನೆ. ಯಲ್ಲಾ, ಹೊರಡಿ, ಮನೆಗೆ ಹೋಗುವ."